ಭಾರತದ ಭೂಕಂಪಗಳು ಮತ್ತು ಸ್ತರಭಂಗಗಳು: ಚಾರಿತ್ರಿಕ ಸಾಕ್ಷ್ಯದ ಒಂದು ಪರಿಶೀಲನೆ

1. ವಿಷಯಪ್ರವೇಶ

ಅಮರಕೋಶವು ಭೂಮಿಗೆ ಹೇಳುವ ಪರ್ಯಾಯ ನಾಮಗಳಲ್ಲಿ ‘ಅಚಲಾ’, ‘ಸ್ಥಿರಾ’ ಎಂಬ ಎರಡು ಹೆಸರುಗಳಿವೆ. ನೆಲವು ಅಲುಗುವುದಿಲ್ಲವೆಂಬ ಭಾವನೆ ನಮ್ಮ ಪೂರ್ವಿಕರ ಮಾತಿನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ದಾನಶಾಸನಗಳು ಚಂದ್ರಸೂರ್ಯರಿರುವವರೆಗೆ ದತ್ತಿಯು ನಡೆದುಬರಲೆಂದು ಹಾರೈಸುತ್ತವೆ. ದತ್ತಿಯನ್ನು ಕಿತ್ತುಕೊಳ್ಳಬಹುದಾದ ಅರಸರನ್ನೂ ಅಧಿಕಾರಿಗಳನ್ನೂ ಅವು ಶಪಿಸುತ್ತವೆ. ದತ್ತಿಬಿಟ್ಟ ಹೊಲದ ಎಲ್ಲೆಯ ಕಲ್ಲು ತಾನಾಗಿಯೇ ಜರುಗೀತೆಂಬ ಶಂಕೆ ಮಾತ್ರ ಅವನ್ನು ಬರೆಸಿದವರಿಗೆ ಇದ್ದಂತೆ ತೋರುವುದಿಲ್ಲ.

ಆದರೆ ನೆಲವು ಜರುಗುತ್ತದೆ. ಅದು ಜರುಗಿದ ಕುರುಹುಗಳು ಶಿಲೆಯಲ್ಲಿಯೂ ಉಳಿದಿವೆ, ಗ್ರಂಥಗಳಲ್ಲಿಯೂ ಉಳಿದಿವೆ. ಶಿಲೆಯ ಕುರುಹುಗಳನ್ನು ಓದುವುದು ಭೂವಿಜ್ಞಾನಿಯ ಕೆಲಸ. ಗ್ರಂಥದ ಕುರುಹುಗಳನ್ನು ಓದುವುದು ಚರಿತ್ರಕಾರನ ಕೆಲಸ. ಇವೆರಡೂ ಒಂದನ್ನೊಂದು ಅವಲಂಬಿಸಿರುವ ಬಗೆಯನ್ನು ನಮ್ಮ ಕಾಲೇಜುಗಳ ಚರಿತ್ರೆಯ ತರಗತಿಗಳಲ್ಲಿ ಹೇಳುವುದು ವಿರಳ. ಆದಕಾರಣ ಪ್ರಸ್ತುತ ಲೇಖನದಲ್ಲಿ ನಾವು ಎರಡು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇವೆ. ಮೊದಲನೆಯದು: ಭೂಕಂಪಕ್ಕೂ ಸ್ತರಭಂಗಕ್ಕೂ ಇರುವ ಸಂಬಂಧವು ಹೇಗೆ ತಿಳಿದುಬಂದಿತು, ಅದರಲ್ಲಿ ನಮ್ಮ ದೇಶದ ಭೂಕಂಪಗಳ ಪಾಲೇನು? ಎರಡನೆಯದು: ಭೂಕಂಪಗಳನ್ನು ಕುರಿತ ಲಿಖಿತ ದಾಖಲೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಅವು ಮೌನವಾಗಿರುವೆಡೆಯಲ್ಲಿ ಆ ಮೌನಕ್ಕೆ ಯಾವ ಅರ್ಥವನ್ನು ಮಾಡಬೇಕು?

ಎರಡನೆಯ ಪ್ರಶ್ನೆ ಬರಿಯ ಪಾಂಡಿತ್ಯದ ಮಾತಲ್ಲ. 1993ರಲ್ಲಿ ನಮ್ಮ ನಾಡಿನ ಗಡಿಗೆ ಸಮೀಪದಲ್ಲಿರುವ ಕಿಲ್ಲಾರಿಯ ಸುತ್ತಮುತ್ತ ಸಾವಿರಾರು ಜನರು ಮಲಗಿದ್ದ ಮನೆಗಳಲ್ಲಿಯೇ ಮಡಿದರು. ಆ ನೆಲವು ಸ್ಥಿರವೆಂದು ಎಲ್ಲರೂ ತಿಳಿದಿದ್ದರು. ಹಾಗೆ ತಿಳಿಯಲು ಇದ್ದ ಆಧಾರಗಳಲ್ಲಿ ಒಂದು, ಚರಿತ್ರೆಯ ಪುಟಗಳಲ್ಲಿ ಅಲ್ಲಿ ದೊಡ್ಡ ಭೂಕಂಪವಾದ ಸುದ್ದಿ ಇಲ್ಲದಿದ್ದುದು.

2. ಸ್ತರಭಂಗ, ಭೂಕಂಪ ಮತ್ತು ಅಲೆಗಳು

ಮುಂದಿನ ಚರ್ಚೆಗೆ ಬೇಕಾಗುವ ಕೆಲವು ಮೂಲಭೂತ ವಿಷಯಗಳನ್ನು ಮೊದಲು ನಿರೂಪಿಸುವುದು ಉಚಿತ. ಭೂಮಿಯ ಹೊರಭಾಗದ ಶಿಲಾಕವಚವು ಅಖಂಡವಾದುದಲ್ಲ. ಅದು ಹಲವು ಮಹಾಫಲಕಗಳಾಗಿ ಒಡೆದಿದೆ. ಈ ಫಲಕಗಳು ಅತ್ಯಂತ ಮಂದಗತಿಯಲ್ಲಿ ಚಲಿಸುತ್ತವೆ. ಭಾರತವನ್ನು ಹೊತ್ತ ಫಲಕವು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾದ ಫಲಕಕ್ಕೆ ತಾಕಿ, ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರಾಭಿಮುಖವಾಗಿ ಸರಿಯುತ್ತಿದೆ. ಹಿಮಾಲಯವು ಎದ್ದುನಿಂತಿರುವುದು ಈ ಒತ್ತಡದಿಂದಲೇ.

ಒತ್ತಡಕ್ಕೆ ಒಳಗಾದ ಶಿಲೆಯು ಸ್ವಲ್ಪಮಟ್ಟಿಗೆ ಬಾಗುತ್ತದೆ. ಮಿತಿಯನ್ನು ಮೀರಿದಾಗ ಒಡೆಯುತ್ತದೆ. ಒಡೆದ ಬಿರುಕಿನ ಎರಡು ಪಕ್ಕದ ಶಿಲಾರಾಶಿಗಳು ಒಂದರ ಮಗ್ಗುಲಲ್ಲಿ ಮತ್ತೊಂದು ಜರುಗಿದ್ದರೆ ಅದನ್ನು ಸ್ತರಭಂಗವೆನ್ನುತ್ತೇವೆ. ಬಿರುಕಿದ್ದ ಮಾತ್ರಕ್ಕೆ ಸ್ತರಭಂಗವಾಗದು. ಜರುಗುವಿಕೆ ಅದರ ಲಕ್ಷಣ. ಶಿಲೆಗಳು ಎರಡು ಕಡೆಗೂ ಎಳೆಯಲ್ಪಟ್ಟಾಗ ಇಳಿಜಾರಾದ ಬಿರುಕಿನ ಮೇಲ್ಪಕ್ಕದ ರಾಶಿ ಕೆಳಕ್ಕೆ ಜಾರುತ್ತದೆ; ಇದು ಸಾಮಾನ್ಯ ಸ್ತರಭಂಗ. ಎರಡು ಕಡೆಯಿಂದಲೂ ಅದುಮಲ್ಪಟ್ಟಾಗ ಆ ರಾಶಿಯು ಮೇಲಕ್ಕೆ ಏರುತ್ತದೆ. ಇದು ವಿಲೋಮ ಸ್ತರಭಂಗ. ಏರಿಳಿತವಿಲ್ಲದೆ ಎರಡು ರಾಶಿಗಳು ಅಕ್ಕಪಕ್ಕಕ್ಕೆ ಸರಿದರೆ ಅದು ಪಾರ್ಶ್ವ ಸ್ತರಭಂಗ.

ಬಿದಿರಿನ ಸೀಳೊಂದನ್ನು ಎರಡೂ ಕೈಗಳಲ್ಲಿ ಹಿಡಿದು ಬಗ್ಗಿಸುತ್ತ ಹೋದರೆ, ಒಂದು ಹಂತದವರೆಗೆ ಅದು ಬಾಗಿ, ಅನಂತರ ಥಟ್ಟನೆ ಮುರಿಯುತ್ತದೆ. ಮುರಿದ ತುಂಡುಗಳು ಒಡನೆಯೇ ನೆಟ್ಟಗಾಗುತ್ತವೆ, ಕೈ ಜುಮ್ಮೆನ್ನುತ್ತದೆ. ಭೂಕಂಪದಲ್ಲಿ ನಡೆಯುವುದೂ ಇಂಥದೇ. ಘರ್ಷಣೆಯಿಂದ ಅಂಟಿಕೊಂಡಿರುವ ಸ್ತರಭಂಗದ ಎರಡು ಪಕ್ಕಗಳಲ್ಲಿ ವರ್ಷವರ್ಷವೂ ಬಿಗಿತವು ಶೇಖರವಾಗುತ್ತ, ಕಡೆಗೊಮ್ಮೆ ಘರ್ಷಣೆಯನ್ನು ಮೀರಿದಾಗ ಶಿಲೆಗಳು ಹಠಾತ್ತನೆ ಸರಿದು ತಮ್ಮ ಬಿಗಿತವನ್ನು ಕಳೆದುಕೊಳ್ಳುತ್ತವೆ. ಶತಮಾನಗಳ ಶೇಖರಣೆ ಕೆಲವೇ ಕ್ಷಣಗಳಲ್ಲಿ ವ್ಯಯವಾಗುತ್ತದೆ. ಜಾರುವಿಕೆ ಆರಂಭವಾಗುವ ಆಳದ ಬಿಂದು ಭೂಕಂಪದ ನಾಭಿ. ಅದಕ್ಕೆ ನೇರವಾಗಿ ಮೇಲಿರುವ ನೆಲದ ಬಿಂದು ಹೊರಕೇಂದ್ರ.

ನಾಭಿಯಿಂದ ಹೊರಡುವ ಅಲೆಗಳಲ್ಲಿ ಮೊದಲು ತಲಪುವುದು ಪ್ರಾಥಮಿಕ ಅಲೆ. ಇದು ಶಿಲೆಯನ್ನು ಒತ್ತುತ್ತ ಸಡಿಲಿಸುತ್ತ ಸಾಗುತ್ತದೆ. ಭೂಕವಚದಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ಅದರ ಹಿಂದೆ ಬರುವ ದ್ವಿತೀಯಕ ಅಲೆ ಶಿಲೆಯನ್ನು ಅಡ್ಡಡ್ಡವಾಗಿ ಅಲುಗಿಸುತ್ತದೆ. ಇದರ ವೇಗ ಸುಮಾರು 3.5 ಕಿಲೋಮೀಟರು. ಕೊನೆಯಲ್ಲಿ ಬರುವ ಮೇಲ್ಮೈ ಅಲೆಗಳು ನಿಧಾನವಾದವು, ಆದರೆ ಕಟ್ಟಡಗಳಿಗೆ ಬಹಳ ಹಾನಿಕರವಾದವು. ಮೊದಲೆರಡು ಅಲೆಗಳ ನಡುವಣ ಅಂತರವನ್ನು ಸೆಕೆಂಡುಗಳಲ್ಲಿ ಅಳೆದು 8ರಿಂದ ಗುಣಿಸಿದರೆ, ಹತ್ತಿರದ ಭೂಕಂಪಗಳ ಮಟ್ಟಿಗೆ, ದೂರವು ಕಿಲೋಮೀಟರುಗಳಲ್ಲಿ ಸ್ಥೂಲವಾಗಿ ದೊರೆಯುತ್ತದೆ. ಮೂರು ವೀಕ್ಷಣಾಲಯಗಳಿಂದ ಹೀಗೆ ದೂರವನ್ನು ತಿಳಿದು ನಕ್ಷೆಯ ಮೇಲೆ ಮೂರು ವೃತ್ತಗಳನ್ನು ಎಳೆದರೆ, ಅವು ಕೂಡುವ ಸ್ಥಳವೇ ಹೊರಕೇಂದ್ರ.

ಭೂಕಂಪದ ಪರಿಮಾಣವೂ ತೀವ್ರತೆಯೂ ಬೇರೆಬೇರೆ. ದೀಪದ ಶಕ್ತಿ ಒಂದೇ ಆದರೂ ಅದರ ಬೆಳಕು ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ. ಪರಿಮಾಣವು ದೀಪದ ಶಕ್ತಿಯಂತೆ, ಭೂಕಂಪಕ್ಕೆ ಒಂದೇ. ತೀವ್ರತೆಯು ಬೆಳಕಿನಂತೆ, ಊರಿಂದೂರಿಗೆ ಬೇರೆ. ಪರಿಮಾಣದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಈ ಭೇದವನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. ಏಕೆಂದರೆ ಹಳೆಯ ದಾಖಲೆಗಳು ಹೇಳುವುದು ಯಾವಾಗಲೂ ತೀವ್ರತೆಯನ್ನೇ. ಪರಿಮಾಣವನ್ನು ನಾವು ಅದರಿಂದ ಊಹಿಸಬೇಕು.

3. ಪ್ರಾಚೀನರ ವಿವರಣೆಗಳು

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಕಂಪಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಲ್ಲಿ ಅವನು ತನಗಿಂತ ಹಿಂದಿನವರ ಮತಗಳನ್ನು ಒಂದಾದಮೇಲೊಂದರಂತೆ ಹೇಳುತ್ತಾನೆ. ನೀರಿನ ನಡುವೆ ವಾಸಿಸುವ ಮಹಾಪ್ರಾಣಿಗಳಿಂದ ನೆಲ ನಡುಗುವುದೆಂದು ಕೆಲವರು. ಭೂಭಾರದಿಂದ ಬಳಲಿದ ದಿಗ್ಗಜಗಳು ವಿಶ್ರಮಿಸುವುದರಿಂದ ಎಂದು ಮತ್ತೆ ಕೆಲವರು. ಗಾಳಿಗೆ ಗಾಳಿ ತಾಕಿ ನೆಲಕ್ಕೆ ಬೀಳುವುದರಿಂದ ಎಂದು ಇನ್ನು ಕೆಲವರು. ಪ್ರಜೆಗಳ ಅದೃಷ್ಟದ ಫಲವೆಂದು ಉಳಿದವರು. ಅನಂತರ ಅವನು ವಾಯು, ಅಗ್ನಿ, ಇಂದ್ರ, ವರುಣ ಎಂಬ ನಾಲ್ಕು ಮಂಡಲಗಳನ್ನು ನಕ್ಷತ್ರಗಳಿಗೆ ಹೊಂದಿಸಿ ಶುಭಾಶುಭಗಳನ್ನು ವಿವರಿಸುತ್ತಾನೆ.

ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೂರನೆಯ, ನಾಲ್ಕನೆಯ, ಏಳನೆಯ ದಿನಗಳಲ್ಲಿ, ಪಕ್ಷ ಅಥವಾ ಮಾಸದ ಅಂತರದಲ್ಲಿ ಕಂಪವು ಮರುಕಳಿಸಬಹುದೆಂಬುದನ್ನು ವರಾಹಮಿಹಿರನು ಗಮನಿಸಿದ್ದಾನೆ. ಇಂದು ನಾವು ಅನುಕಂಪನಗಳೆಂದು ಕರೆಯುವುದು ಇವನ್ನೇ. ಕಾರಣವನ್ನು ಅರಿಯದಿದ್ದರೂ ನಡೆದುದನ್ನು ಕಣ್ಣಿಟ್ಟು ನೋಡಿದವರು ಇದ್ದರೆಂಬುದು ಇದರಿಂದ ಸ್ಪಷ್ಟ.

ಇಂಥ ವೀಕ್ಷಣೆಯ ಇನ್ನೊಂದು ಉತ್ತಮ ನಿದರ್ಶನ ಬಾಬರನ ಆತ್ಮಕಥೆಯಲ್ಲಿದೆ. 1505ರಲ್ಲಿ ಕಾಬೂಲಿನ ಬಳಿ ಮಹಾಭೂಕಂಪವಾಯಿತು. ಮನೆಗಳೂ ಕೋಟೆಯ ಗೋಡೆಗಳೂ ಬಿದ್ದುದನ್ನು ಬಾಬರನು ಹೇಳುತ್ತಾನೆ. ಆ ದಿನ ಎಷ್ಟು ಸಲ ನೆಲ ನಡುಗಿತೆಂಬುದನ್ನೂ, ಮುಂದೆ ಒಂದು ತಿಂಗಳ ಕಾಲ ದಿನಕ್ಕೆ ಎರಡು ಮೂರು ಸಲ ನಡುಗುತ್ತಲೇ ಇತ್ತೆಂಬುದನ್ನೂ ಬರೆದಿಡುತ್ತಾನೆ. ಅಷ್ಟೇ ಅಲ್ಲದೆ, ಹಲವು ಹರದಾರಿಗಳ ಉದ್ದಕ್ಕೆ ನೆಲ ಸೀಳಿ, ಕೆಲವೆಡೆ ಆನೆಯೆತ್ತರಕ್ಕೆ ಏರಿಯೂ ಕೆಲವೆಡೆ ಅಷ್ಟೇ ಕುಸಿದೂ ಇದ್ದುದನ್ನು ವರ್ಣಿಸುತ್ತಾನೆ. ಸ್ತರಭಂಗವು ನೆಲದ ಮೇಲ್ಮೈಯನ್ನು ಸೀಳಿದ ದೃಶ್ಯವಿದು ಎಂಬುದರಲ್ಲಿ ಇಂದಿನ ಭೂವಿಜ್ಞಾನಿಗಳಿಗೆ ಸಂದೇಹವಿಲ್ಲ. ಯುದ್ಧಯಾತ್ರೆಯ ನಡುವೆ ಅರಸನೊಬ್ಬನು ಬರೆದಿಟ್ಟ ಕೆಲವು ಸಾಲುಗಳು ಐದು ಶತಮಾನಗಳ ಅನಂತರ ವಿಜ್ಞಾನಕ್ಕೆ ಸಾಕ್ಷ್ಯವಾಗಿರುವುದು ಗಮನಾರ್ಹವಾದುದು.

4. ಕಚ್ಛದ ಅಲ್ಲಾ ಬಂದ್

1819ರ ಜೂನ್ 16ರ ಸಂಜೆ ಕಚ್ಛದಲ್ಲಿ ಸಂಭವಿಸಿದ ಭೂಕಂಪವು ಈ ಶಾಸ್ತ್ರದ ಇತಿಹಾಸದಲ್ಲಿ ವಿಶಿಷ್ಟವಾದ ಸ್ಥಾನವನ್ನು ಪಡೆದಿದೆ. ಭುಜ್ ಪಟ್ಟಣವು ಬಹುಮಟ್ಟಿಗೆ ನೆಲಸಮವಾಯಿತು. ದೂರದ ಅಹಮದಾಬಾದಿನಲ್ಲಿ ಜಾಮಾ ಮಸೀದಿಯ ಮಿನಾರುಗಳು ಉರುಳಿದವು. ಆದರೆ ಇದಕ್ಕಿಂತಲೂ ವಿಚಿತ್ರವಾದುದು ನಡೆದದ್ದು ಜನವಸತಿ ವಿರಳವಾದ ರಣ್ ಪ್ರದೇಶದಲ್ಲಿ. ಅಲ್ಲಿ ಸಿಂಧೂನದಿಯ ಪೂರ್ವಶಾಖೆಯೊಂದರ ದಂಡೆಯಲ್ಲಿ ಸಿಂದ್ರಿಯೆಂಬ ಚಿಕ್ಕ ಕೋಟೆಯಿತ್ತು. ಅದರ ಸುತ್ತಣ ನೆಲ ಕುಸಿದು, ಸಮುದ್ರದ ನೀರು ನುಗ್ಗಿ, ವಿಶಾಲವಾದ ಸರೋವರವಾಯಿತು. ಕೋಟೆಯಲ್ಲಿದ್ದವರು ಗೋಪುರದ ಮೇಲೇರಿ, ಮರುದಿನ ದೋಣಿಯ ಮೂಲಕ ಪಾರಾದರು.

ಕೋಟೆಯ ಉತ್ತರಕ್ಕೆ, ನಿನ್ನೆಯವರೆಗೆ ಸಮತಟ್ಟಾಗಿದ್ದ ಬಯಲಿನಲ್ಲಿ, ದಿಬ್ಬವೊಂದು ಎದ್ದು ನಿಂತಿತ್ತು. ಇದರ ಉದ್ದ ಸುಮಾರು 80 ಕಿಲೋಮೀಟರಿಗೂ ಹೆಚ್ಚು. ಎತ್ತರ ಕೆಲವೆಡೆ ಹಲವು ಮೀಟರುಗಳಷ್ಟು. 18ನೆಯ ಶತಮಾನದಲ್ಲಿ ಸಿಂಧಿನ ಅರಸರು ಕಚ್ಛಕ್ಕೆ ನೀರು ಹರಿಯದಂತೆ ಇದೇ ನದೀಶಾಖೆಗೆ ಅಡ್ಡವಾಗಿ ಒಡ್ಡುಗಳನ್ನು ಕಟ್ಟಿಸಿದ್ದರು. ಅವು ಮನುಷ್ಯರು ಕಟ್ಟಿದ ಒಡ್ಡುಗಳು. ಇದು ದೇವರು ಕಟ್ಟಿದ ಒಡ್ಡು ಎಂಬ ಭಾವದಿಂದ ಜನರು ಹೊಸ ದಿಬ್ಬಕ್ಕೆ ‘ಅಲ್ಲಾ ಬಂದ್’ ಎಂದು ಹೆಸರಿಟ್ಟರು. 1826ರಲ್ಲಿ ಸಿಂಧೂನದಿಯ ಪ್ರವಾಹವು ಈ ದಿಬ್ಬವನ್ನೂ ಕೊರೆದು ದಾರಿ ಮಾಡಿಕೊಂಡಿತು.

ಆಗ ಭುಜ್‌ನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಜೇಮ್ಸ್ ಮ್ಯಾಕ್‌ಮರ್ಡೋ ಭೂಕಂಪದ ವೃತ್ತಾಂತವನ್ನು ಬರೆದಿಟ್ಟನು. ಕೆಲವು ವರ್ಷಗಳ ಅನಂತರ ಅಲೆಕ್ಸಾಂಡರ್ ಬರ್ನ್ಸ್ ಸ್ಥಳಕ್ಕೆ ಹೋಗಿ ದಿಬ್ಬವನ್ನೂ ಮುಳುಗಿದ ಕೋಟೆಯನ್ನೂ ಕಂಡು ವಿವರಿಸಿದನು. ಈ ವಿವರಗಳನ್ನು ಚಾರ್ಲ್ಸ್ ಲಯೆಲ್ ತನ್ನ ಸುಪ್ರಸಿದ್ಧವಾದ ಭೂವಿಜ್ಞಾನ ಗ್ರಂಥದಲ್ಲಿ ಬಳಸಿಕೊಂಡನು. ಪರ್ವತಗಳೂ ತಗ್ಗುಗಳೂ ಯಾವುದೋ ಒಂದು ಆದಿಕಾಲದ ಪ್ರಳಯದಲ್ಲಿ ಆದವಲ್ಲ, ಇಂದೂ ನಡೆಯುತ್ತಿರುವ ವ್ಯಾಪಾರಗಳಿಂದಲೇ ಸ್ವಲ್ಪಸ್ವಲ್ಪವಾಗಿ ಆಗುತ್ತಿವೆಯೆಂಬುದು ಲಯೆಲನ ಸಿದ್ಧಾಂತ. ಒಂದೇ ಸಂಜೆಯಲ್ಲಿ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದ ಕಚ್ಛದ ನೆಲ ಅವನಿಗೆ ಬಹಳ ಉಪಯುಕ್ತವಾದ ಪ್ರಮಾಣವಾಯಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ನೆಲ ಸೀಳುವುದು ಭೂಕಂಪದ ಪರಿಣಾಮವೇ, ಅಥವಾ ಕಾರಣವೇ? ಭೂಗರ್ಭದ ಸ್ಫೋಟದಿಂದ ಕಂಪವಾಗಿ, ಕಂಪದಿಂದ ನೆಲ ಸೀಳುತ್ತದೆಂದೇ ಬಹುಕಾಲ ಅನೇಕರು ಭಾವಿಸಿದ್ದರು. 1891ರ ಅಕ್ಟೋಬರ್ 28ರಂದು ಜಪಾನಿನ ಮಿನೋ ಮತ್ತು ಓವಾರಿ ಪ್ರಾಂತಗಳಲ್ಲಿ ಸಂಭವಿಸಿದ ಭೂಕಂಪವನ್ನು ಪರೀಕ್ಷಿಸಿದ ಕೋಟೋ ಬುಂಜಿರೋ, ನಿಯೋ ಕಣಿವೆಯ ಸ್ತರಭಂಗವು ಹಠಾತ್ತನೆ ಜರುಗಿದ್ದೇ ಭೂಕಂಪಕ್ಕೆ ಕಾರಣವೆಂದು ಪ್ರತಿಪಾದಿಸಿದನು. 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು ದಾಟುವ ಬೇಲಿಗಳೂ ದಾರಿಗಳೂ ಕತ್ತರಿಸಿ ಅಕ್ಕಪಕ್ಕಕ್ಕೆ ಸರಿದಿದ್ದವು. ಭೂಕಂಪದ ಹಿಂದಿನ ಮತ್ತು ಮುಂದಿನ ಭೂಮಾಪನಗಳನ್ನು ಹೋಲಿಸಿ ಹ್ಯಾರಿ ರೀಡ್ ಎಂಬ ವಿದ್ವಾಂಸನು 1910ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಮೇಲೆ ನಾವು ಬಿದಿರಿನ ಸೀಳಿನ ದೃಷ್ಟಾಂತದಿಂದ ವಿವರಿಸಿದ್ದು.

5. ಅಸ್ಸಾಮಿನ ಭೂಕಂಪ ಮತ್ತು ಓಲ್ಡ್‌ಹ್ಯಾಮ್

1897ರ ಜೂನ್ 12ರ ಸಂಜೆ ಶಿಲ್ಲಾಂಗ್ ಪ್ರಸ್ಥಭೂಮಿಯನ್ನು ಕೇಂದ್ರವಾಗಿ ಹೊಂದಿದ್ದ ಮಹಾಭೂಕಂಪದ ಪರಿಮಾಣವನ್ನು ಇಂದು 8ರ ಆಸುಪಾಸಿನದೆಂದು ಎಣಿಸುತ್ತಾರೆ. ಶಿಲ್ಲಾಂಗಿನ ಕಲ್ಲುಕಟ್ಟಡಗಳು ನೆಲಕಚ್ಚಿದವು. ಸುಮಾರು 1500 ಜನರು ಮೃತರಾದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಸಿದ್ಧಪಡಿಸಿದ ವರದಿ 1899ರಲ್ಲಿ ಪ್ರಕಟವಾಯಿತು. ಭೂಕಂಪದ ವರದಿ ಹೇಗಿರಬೇಕೆಂಬುದಕ್ಕೆ ಅದು ಮುಂದೆ ಮಾದರಿಯಾಯಿತು. ನೆಲದ ಮೇಲಿದ್ದ ಬಂಡೆಗಳು ತಮ್ಮ ಕುಳಿಗಳಿಂದ ಎಗರಿ ಹೊರಗೆ ಬಿದ್ದಿದ್ದುದನ್ನು ಅವನು ಗುರುತಿಸಿದನು. ನೆಲದ ಮೇಲ್ಮುಖ ವೇಗವೃದ್ಧಿ ಗುರುತ್ವವನ್ನೂ ಮೀರಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಚೇದ್ರಾಂಗ್ ಎಂಬ ಹೊಳೆಯ ಉದ್ದಕ್ಕೂ ಎದ್ದ ಸ್ತರಭಂಗದ ಗೋಡೆಯನ್ನು ಅವನು ಅಳೆದನು. ಅದು ಕೆಲವೆಡೆ 35 ಅಡಿಗಳಷ್ಟು ಎತ್ತರವಿತ್ತು.

ಯೂರೋಪಿನ ದೂರದ ಉಪಕರಣಗಳು ದಾಖಲಿಸಿದ್ದ ಈ ಭೂಕಂಪದ ರೇಖೆಗಳನ್ನು ಪರಿಶೀಲಿಸಿ, 1900ರಲ್ಲಿ ಓಲ್ಡ್‌ಹ್ಯಾಮ್ ಪ್ರಾಥಮಿಕ, ದ್ವಿತೀಯಕ ಮತ್ತು ಮೇಲ್ಮೈ ಅಲೆಗಳನ್ನು ಸ್ಪಷ್ಟವಾಗಿ ಪ್ರತ್ಯೇಕಿಸಿದನು. 1906ರಲ್ಲಿ, ಅಲೆಗಳು ಭೂಮಿಯ ಆಳವನ್ನು ಹಾದುಬರುವ ರೀತಿಯಿಂದ, ಭೂಮಿಗೆ ಭಿನ್ನ ಸ್ವಭಾವದ ಕೇಂದ್ರಗೋಳವಿದೆಯೆಂದು ಅನುಮಾನಿಸಿದನು. ಅಸ್ಸಾಮಿನ ಹಳ್ಳಿಗಳನ್ನು ಕೆಡವಿದ ಅಲೆಗಳೇ ಭೂಗರ್ಭದ ರಚನೆಯನ್ನು ಅರಿಯುವ ಸಾಧನವಾದವು. ಈ ಅಧ್ಯಯನಕ್ಕೆ ಇನ್ನೂ ಮುಗಿತಾಯವಿಲ್ಲ. ಭೂಕಂಪದ ಮುಖ್ಯ ಸ್ತರಭಂಗವು ನೆಲದ ಮೇಲೆ ಕಾಣಿಸಿಕೊಳ್ಳದೆ ಪ್ರಸ್ಥಭೂಮಿಯ ಉತ್ತರದಂಚಿನ ಕೆಳಗೆ ಅಡಗಿದೆಯೆಂದು 2001ರಲ್ಲಿ ಇಬ್ಬರು ವಿದ್ವಾಂಸರು ಪ್ರತಿಪಾದಿಸಿ, ಅದಕ್ಕೆ ಓಲ್ಡ್‌ಹ್ಯಾಮನ ಹೆಸರನ್ನೇ ಇಟ್ಟರು. ಅವರು ಆಧಾರವಾಗಿ ತೆಗೆದುಕೊಂಡದ್ದು 19ನೆಯ ಶತಮಾನದ ಭೂಮಾಪನದ ದಾಖಲೆಗಳನ್ನು.

ವಿಜ್ಞಾನವು ಇಷ್ಟು ಮುಂದುವರಿದಿದ್ದರೂ ಭೂಕಂಪಕ್ಕೆ ನೈತಿಕ ಕಾರಣವನ್ನು ಹುಡುಕುವ ಪ್ರವೃತ್ತಿ ಮಾಯವಾಗಿರಲಿಲ್ಲ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಸಂಭವಿಸಿದ ಭೂಕಂಪವು ಹತ್ತು ಸಾವಿರಕ್ಕೂ ಮಿಕ್ಕಿ ಪ್ರಾಣಗಳನ್ನು ತೆಗೆದುಕೊಂಡಿತು. ಅಸ್ಪೃಶ್ಯತೆಯ ಪಾಪಕ್ಕೆ ಇದು ದೈವದಂಡನೆಯೆಂದು ಗಾಂಧೀಜಿಯವರು ಹೇಳಿದರು. ಅಸ್ಪೃಶ್ಯತೆಯ ನಿವಾರಣೆಯಲ್ಲಿ ಅವರೊಡನೆ ಸಹಮತರಾಗಿದ್ದ ರವೀಂದ್ರನಾಥ ಠಾಕೂರರು, ಪ್ರಕೃತಿಯ ಘಟನೆಗೆ ಪ್ರಕೃತಿಯ ಕಾರಣವನ್ನೇ ಹೇಳಬೇಕೆಂದು ಬಹಿರಂಗವಾಗಿ ವಿರೋಧಿಸಿದರು. ಗಾಂಧೀಜಿಯವರು ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಕೊಟ್ಟರು. ಗುರಿಯಲ್ಲಿ ಒಂದಾಗಿದ್ದ ಇಬ್ಬರು ಮಹನೀಯರು ಕಾರಣಮೀಮಾಂಸೆಯಲ್ಲಿ ಭಿನ್ನರಾದ ಈ ಪ್ರಸಂಗವು ನಮ್ಮ ತರಗತಿಗಳಲ್ಲಿ ಚರ್ಚಿಸಲು ಯೋಗ್ಯವಾದುದು.

6. ದಾಖಲೆಗಳ ಪರೀಕ್ಷೆ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಭಾರತದ ಭೂಕಂಪಗಳನ್ನು ಕ್ರಮವಾಗಿ ಪಟ್ಟಿಮಾಡಿದ ಮೊದಲ ಪ್ರಮುಖ ಪ್ರಯತ್ನ ಥಾಮಸ್ ಓಲ್ಡ್‌ಹ್ಯಾಮನದು. ಇವನು ರಿಚರ್ಡನ ತಂದೆ. ಅವನು ಸಂಗ್ರಹಿಸಿದ್ದ ಪಟ್ಟಿಯನ್ನು ಅವನ ಮರಣಾನಂತರ 1883ರಲ್ಲಿ ಮಗನು ಪ್ರಕಟಿಸಿದನು. ಇಂಥ ಪಟ್ಟಿಗಳು ಅಮೂಲ್ಯವಾದವು. ಆದರೆ ಅವು ಹಳೆಯ ಬರೆಹಗಳಿಂದ ಹೆಕ್ಕಿದವು. ಹಳೆಯ ಬರೆಹದಲ್ಲಿ ತಪ್ಪಿದ್ದರೆ ಪಟ್ಟಿಯಲ್ಲಿಯೂ ತಪ್ಪು ಇಳಿಯುತ್ತದೆ.

ಭಾರತದ ಭೂಕಂಪಗಳಲ್ಲಿ ಅತಿಪ್ರಾಚೀನವಾದುವುಗಳ ಸಾಲಿನಲ್ಲಿ ಬಹುಕಾಲ ಎಣಿಕೆಯಾಗುತ್ತಿದ್ದುದು ಕ್ರಿ. ಶ. 893ರಲ್ಲಿ ಸಿಂಧಿನ ದೇಬಲ್ ಬಂದರಿನಲ್ಲಿ ಆಯಿತೆಂದು ಹೇಳಲಾದ ಭೂಕಂಪ. ಸತ್ತವರ ಸಂಖ್ಯೆ ಒಂದೂವರೆ ಲಕ್ಷವೆಂದು ಬರೆಯಲಾಗಿತ್ತು. ಅರಬ್ಬೀ ಮೂಲಗಳನ್ನು ಮರಳಿ ಪರೀಕ್ಷಿಸಿದ ವಿದ್ವಾಂಸರು ಅಲ್ಲಿರುವುದು ದೇಬಲ್ ಅಲ್ಲ, ಆರ್ಮೇನಿಯಾದ ದಬೀಲ್, ಅರ್ಥಾತ್ ದ್ವಿನ್ ನಗರ ಎಂದು ತೋರಿಸಿದರು. ಅರಬ್ಬೀ ಲಿಪಿಯಲ್ಲಿ ಇವೆರಡು ಹೆಸರುಗಳ ಅಕ್ಷರಗಳು ಒಂದೇ. ಅವುಗಳ ಅನುಕ್ರಮ ಮಾತ್ರ ಬೇರೆ. ಲಿಪಿಕಾರನ ಲೇಖನಿ ಒಂದಿಷ್ಟು ಹಿಂದುಮುಂದಾದುದರಿಂದ ಭೂಕಂಪವೊಂದು ಸಾವಿರಾರು ಮೈಲಿ ಪ್ರಯಾಣಮಾಡಿ ಭಾರತಕ್ಕೆ ಬಂದಿತು! ಶಾಸನದಲ್ಲಿ ಒಂದು ಅಕ್ಷರದ ಓದು ತಪ್ಪಿದರೆ ರಾಜವಂಶವೇ ತಲೆಕೆಳಗಾಗುವುದನ್ನು ಬಲ್ಲ ನಮಗೆ ಇದು ಅಚ್ಚರಿಯೆನಿಸದು.

1737ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಭೂಕಂಪದಿಂದ ಮೂರು ಲಕ್ಷ ಜನ ಸತ್ತರೆಂಬ ಮಾತೂ ಇಂಥದೇ. ಪ್ರಪಂಚದ ಘೋರ ಭೂಕಂಪಗಳ ಪಟ್ಟಿಗಳಲ್ಲೆಲ್ಲ ಇದು ಸೇರಿಕೊಂಡಿತ್ತು. ಸಮಕಾಲೀನ ದಾಖಲೆಗಳನ್ನು ಪರಿಶೀಲಿಸಿದಾಗ ಅಂದು ಬಂದದ್ದು ಭಯಂಕರವಾದ ಚಂಡಮಾರುತವೆಂದೂ, ಅಂದಿನ ಕಲ್ಕತ್ತೆಯಲ್ಲಿ ಅಷ್ಟು ಜನರೇ ಇರಲಿಲ್ಲವೆಂದೂ 1994ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಯೂರೋಪಿಗೆ ಹೋದ ಸುದ್ದಿ ಪತ್ರಿಕೆಯಲ್ಲಿ ಅಚ್ಚಾಗಿ, ಒಂದು ಗ್ರಂಥದಿಂದ ಇನ್ನೊಂದಕ್ಕೆ ನಕಲಾಗುತ್ತ, ಪ್ರಮಾಣವೆಂಬ ಪಟ್ಟವನ್ನು ಪಡೆದಿತ್ತು.

ಇವೆರಡೂ ಇಲ್ಲದುದನ್ನು ಇದೆಯೆಂದ ದಾಖಲೆಗಳು. ಇವುಗಳಿಗಿಂತ ಅಪಾಯಕರವಾದುದು ಇದ್ದುದನ್ನು ಹೇಳದ ದಾಖಲೆ.

7. ದಖ್ಖನ್ನಿನ ಮೌನ

ದಕ್ಷಿಣ ಭಾರತದ ಪ್ರಸ್ಥಭೂಮಿ ಅತ್ಯಂತ ಪುರಾತನವಾದ ಶಿಲೆಗಳಿಂದಾದುದು. ಫಲಕಗಳ ಅಂಚಿನಿಂದ ದೂರವಿರುವುದು. ಆದಕಾರಣ ಇದನ್ನು ‘ಸ್ಥಿರಖಂಡ’ವೆಂದು ಪಠ್ಯಪುಸ್ತಕಗಳು ಕರೆಯುತ್ತಿದ್ದವು. ಹಿಮಾಲಯಕ್ಕೆ ಹೋಲಿಸಿದರೆ ಈ ಮಾತು ಸರಿಯೇ. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪಮಾಪಕಗಳ ಜಾಲವೊಂದನ್ನು ಸ್ಥಾಪಿಸಿದ್ದು, ದೂರದೇಶಗಳ ಭೂಗತ ಪರಮಾಣು ಸ್ಫೋಟಗಳನ್ನೂ ಭೂಕಂಪಗಳನ್ನೂ ಆಲಿಸಲು ಇಲ್ಲಿಯ ಗಟ್ಟಿಯಾದ ನೆಲ ಅನುಕೂಲವಾಗಿದ್ದುದರಿಂದಲೇ. ಆದರೆ ಸ್ಥಿರವೆಂದರೆ ಹೆಚ್ಚು ಸ್ಥಿರವೆಂದು ಅರ್ಥ, ನಿಶ್ಚಲವೆಂದಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿಯ ಪ್ರದೇಶದಲ್ಲಿಯೂ, 1900ರ ಫೆಬ್ರವರಿ 8ರಂದು ಕೊಯಮತ್ತೂರಿನ ಪ್ರದೇಶದಲ್ಲಿಯೂ ಆದ ಕಂಪಗಳು ಪಟ್ಟಿಗಳಲ್ಲಿದ್ದವು. ಅವುಗಳ ಕಡೆಗೆ ಹೆಚ್ಚು ಲಕ್ಷ್ಯ ಹೋಗಲಿಲ್ಲ.

1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾನಗರದಲ್ಲಿ 6.3 ಪರಿಮಾಣದ ಭೂಕಂಪವಾಗಿ ಸುಮಾರು 180 ಜನರು ಮೃತರಾದರು. ಕೊಯ್ನಾ ನಮ್ಮ ಕೃಷ್ಣೆಯ ಉಪನದಿ. ಅದಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ 1962ರ ಸುಮಾರಿಗೆ ನೀರು ನಿಲ್ಲತೊಡಗಿದ ಮೇಲೆ ಅಲ್ಲಿ ಸಣ್ಣ ಕಂಪಗಳು ಕಾಣಿಸಿಕೊಂಡಿದ್ದವು. ಜಲಾಶಯದ ನೀರು ಶಿಲೆಯ ಬಿರುಕುಗಳಿಗಿಳಿದು, ಮೊದಲೇ ಬಿಗಿತದಲ್ಲಿದ್ದ ಸ್ತರಭಂಗಗಳ ಘರ್ಷಣೆಯನ್ನು ಕಡಮೆಮಾಡಿ, ಅವು ಜರುಗಲು ನಿಮಿತ್ತವಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ನೀರು ನಿಮಿತ್ತಮಾತ್ರ; ಬಿಗಿತವು ನೆಲದಲ್ಲಿಯೇ ಇತ್ತು. ‘ಸ್ಥಿರಖಂಡ’ದಲ್ಲಿಯೂ ಬಿಗಿತವಿದೆಯೆಂಬ ಎಚ್ಚರಿಕೆಯನ್ನು ಕೊಯ್ನಾ ಕೊಟ್ಟಿತು.

ಆ ಎಚ್ಚರಿಕೆ ಕೊಯ್ನಾದ ಎಲ್ಲೆಯನ್ನು ದಾಟಲಿಲ್ಲ. 1970ರ ಭೂಕಂಪ ವಲಯಗಳ ನಕ್ಷೆಯಲ್ಲಿ ಕೊಯ್ನಾವನ್ನು ಹೆಚ್ಚಿನ ಅಪಾಯದ ವಲಯಕ್ಕೆ ಸೇರಿಸಲಾಯಿತು. ಲಾತೂರಿನ ಕಡೆಯ ಪ್ರದೇಶ ಮಾತ್ರ ಅತಿ ಕಡಮೆ ಅಪಾಯದ ಒಂದನೆಯ ವಲಯದಲ್ಲಿ ಉಳಿಯಿತು. 1992ರಲ್ಲಿ ಕಿಲ್ಲಾರಿಯ ಜನರಿಗೆ ಸಣ್ಣ ಕಂಪಗಳ ಅನುಭವವಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಮುನ್ನ, ಗಣೇಶನ ವಿಸರ್ಜನೆಯನ್ನು ಮುಗಿಸಿ ಜನರು ನಿದ್ರಿಸುತ್ತಿದ್ದಾಗ, 6.2 ಪರಿಮಾಣದ ಭೂಕಂಪವಾಯಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರ ಜನರು ಸತ್ತರು. ಬೀದರ್, ಗುಲ್ಬರ್ಗಾ ಜಿಲ್ಲೆಗಳಲ್ಲಿಯೂ ಜನರು ಮನೆಬಿಟ್ಟು ಹೊರಗೋಡಿದರು.

ಅಸ್ಸಾಮಿನ 1897ರ ಭೂಕಂಪದ ಪರಿಮಾಣ ಇದಕ್ಕಿಂತ ಸುಮಾರು ಎರಡು ಅಂಕಿ ಹೆಚ್ಚು. ಎಂದರೆ ಅದು ಹೊರಗೆಡಹಿದ ಶಕ್ತಿ ನೂರಾರು ಪಟ್ಟು ಹೆಚ್ಚು. ಆದರೂ ಅಲ್ಲಿ ಸತ್ತವರು ಸುಮಾರು 1500 ಮಂದಿ. ಈ ವ್ಯತ್ಯಾಸಕ್ಕೆ ಹೊತ್ತು ಒಂದು ಕಾರಣ: ಅಲ್ಲಿ ಸಂಜೆ, ಇಲ್ಲಿ ನಿದ್ರೆಯ ವೇಳೆ. ಕಿಲ್ಲಾರಿಯ ಭೂಕಂಪದ ನಾಭಿ ಬಹಳ ಆಳದಲ್ಲಿರಲಿಲ್ಲವೆಂಬುದೂ ಒಂದು ಕಾರಣ. ಮನೆಗಳ ರಚನೆ ಇನ್ನೊಂದು. ದುಂಡುಗಲ್ಲುಗಳನ್ನು ಮಣ್ಣಿನಲ್ಲಿ ಕೂಡಿಸಿ ಎಬ್ಬಿಸಿದ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ: ಇದು ಆ ಸೀಮೆಯ ಮನೆ. ಸೆಕೆಗೂ ಕಳ್ಳರಿಗೂ ತಡೆಯಾಗಿದ್ದ ಗೋಡೆ ನೆಲ ನಡುಗಿದಾಗ ತಡೆಯಲಿಲ್ಲ. ಇಂಥ ಮನೆಗಳು ಗುಲ್ಬರ್ಗಾ, ಬೀದರ್, ಬಿಜಾಪುರಗಳ ಹಳ್ಳಿಗಳಿಗೂ ಅಪರಿಚಿತವಲ್ಲ. ಅಸ್ಸಾಮಿನಲ್ಲಾದರೋ 1897ರ ಅನಂತರ ಮರದ ಚೌಕಟ್ಟು, ಜೊಂಡಿನ ಗೋಡೆ, ತಗಡಿನ ಹಗುರ ಮಾಡುಗಳ ಮನೆ ರೂಢಿಗೆ ಬಂದಿತು. ಕಚ್ಛದ ‘ಭೂಂಗಾ’ ಎಂಬ ದುಂಡುಮನೆಗಳು, 2001ರ ಜನವರಿ 26ರಂದು ಭುಜ್ ಪ್ರದೇಶವನ್ನು ಮತ್ತೆ ಹಾಳುಗೆಡಹಿದ 7.7 ಪರಿಮಾಣದ ಭೂಕಂಪದಲ್ಲಿ, ಚೌಕಾಕಾರದ ಕಲ್ಲುಮನೆಗಳಿಗಿಂತ ಚೆನ್ನಾಗಿ ನಿಂತವು. ಭೂಕಂಪದ ನೆನಪಿರುವ ಸೀಮೆಯ ಜನರ ಮನೆಕಟ್ಟುವ ರೀತಿಯಲ್ಲಿಯೇ ಆ ನೆನಪು ಉಳಿಯಬಲ್ಲುದು. ನೆನಪಿಲ್ಲದ ಸೀಮೆಯಲ್ಲಿ ಮನೆಯೇ ಶತ್ರುವಾಗುತ್ತದೆ.

ಹಾಗಾದರೆ ಕಿಲ್ಲಾರಿಯ ಸೀಮೆಯಲ್ಲಿ ಹಿಂದೆ ಭೂಕಂಪವಾಗಿರಲೇ ಇಲ್ಲವೇ? ಕಿಲ್ಲಾರಿಗೆ ಬಹಳ ದೂರವಲ್ಲದ ತೇರ್ ಎಂಬ ಊರು ಪ್ರಾಚೀನಕಾಲದ ತಗರ. ಗ್ರೀಕರಿಗೂ ಪರಿಚಿತವಾಗಿದ್ದ ವಾಣಿಜ್ಯನಗರವಿದು. ಶಿಲಾಹಾರ ಅರಸರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡಿದ್ದಾರೆಂಬುದು ಶಾಸನಗಳ ಅಭ್ಯಾಸಿಗಳಿಗೆ ತಿಳಿದೇ ಇದೆ. 1993ರ ಅನಂತರ ತೇರ್‌ನಲ್ಲಿ ಮಣ್ಣಿನ ಪದರಗಳನ್ನೂ ಪ್ರಾಚೀನ ಕಟ್ಟಡದ ವಿಕೃತಿಗಳನ್ನೂ ಪರೀಕ್ಷಿಸಿದ ಭೂವಿಜ್ಞಾನಿಗಳು, ಸುಮಾರು 1500 ವರ್ಷಗಳ ಹಿಂದೆ ಅಲ್ಲಿ ಭೂಕಂಪವೊಂದು ಆಗಿರಬಹುದೆಂದು ಸೂಚಿಸಿದ್ದಾರೆ. ಇದು ಸೂಚನೆಯೇ ಹೊರತು ಕೊನೆಯ ತೀರ್ಮಾನವಲ್ಲ. ಆದರೆ ಈ ಊಹೆ ನಿಜವಾದರೆ ಅದರ ಅರ್ಥ ಗಂಭೀರವಾದುದು. ಹಿಮಾಲಯದಲ್ಲಿ ಬಿಗಿತವು ಬೇಗ ಶೇಖರವಾಗುವುದರಿಂದ ಭೂಕಂಪಗಳ ನಡುವಣ ಅವಧಿ ಚಿಕ್ಕದು. ದಖ್ಖನ್ನಿನಲ್ಲಿ ಬಹಳ ದೀರ್ಘ. ಒಂದು ಸ್ತರಭಂಗವು ಸಾವಿರಾರು ವರ್ಷಗಳಿಗೊಮ್ಮೆ ಜರುಗುವುದಾದರೆ, ಮುನ್ನೂರು ನಾನೂರು ವರ್ಷಗಳ ಲಿಖಿತ ದಾಖಲೆಯಲ್ಲಿ ಅದರ ಸುಳಿವಿಲ್ಲದಿರುವುದೇ ಸಹಜ. ದಾಖಲೆಯ ಮೌನವು ನೆಲದ ಮೌನವಲ್ಲ. 2002ರಲ್ಲಿ ಪರಿಷ್ಕೃತವಾದ ನಕ್ಷೆಯು ಒಂದನೆಯ ವಲಯವೆಂಬ ವಿಭಾಗವನ್ನೇ ತೆಗೆದುಹಾಕಿತು. ನಮ್ಮ ದೇಶದಲ್ಲಿ ಭೂಕಂಪದ ಭಯ ಏನೂ ಇಲ್ಲವೆನ್ನಬಹುದಾದ ನೆಲವಿಲ್ಲವೆಂಬ ಒಪ್ಪಿಗೆ ಅದರಲ್ಲಿದೆ.

8. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಭೂಕಂಪವು ಸ್ತರಭಂಗದ ಹಠಾತ್ ಜರುಗುವಿಕೆಯ ಫಲವೆಂಬ ಜ್ಞಾನವು ಒಬ್ಬರಿಂದ ಬಂದುದಲ್ಲ. ಕಚ್ಛದ ದಿಬ್ಬ, ಜಪಾನಿನ ಕಣಿವೆ, ಅಸ್ಸಾಮಿನ ಬಂಡೆ, ಕ್ಯಾಲಿಫೋರ್ನಿಯಾದ ಬೇಲಿ ಎಲ್ಲವೂ ಅದಕ್ಕೆ ಸಾಕ್ಷ್ಯವನ್ನೊದಗಿಸಿವೆ. ಆ ಸಾಕ್ಷ್ಯ ಉಳಿದದ್ದು ಕಂಡವರು ಕಂಡಂತೆ ಬರೆದುದರಿಂದ. ಲಿಖಿತ ದಾಖಲೆ ಇರುವೆಡೆ ಅದನ್ನು ಮೂಲಕ್ಕೆ ಹೋಗಿ ಪರೀಕ್ಷಿಸಬೇಕು. ಇಲ್ಲದೆಡೆ, ಅದು ಇಲ್ಲವೆಂಬುದರಿಂದಲೇ ಏನನ್ನೂ ಸಾಧಿಸಬಾರದು.

ನಮ್ಮ ನಾಡಿನ ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಜೀರ್ಣೋದ್ಧಾರದ ಶಾಸನಗಳು, ಸಂಸ್ಥಾನಗಳ ಬಖೈರುಗಳು, ಕೈಫಿಯತ್ತುಗಳು, ಮಠಗಳ ಕಡತಗಳು, ಮಿಶನರಿಗಳ ಪತ್ರಗಳು, ಹಳೆಯ ವೃತ್ತಪತ್ರಿಕೆಗಳು, ಇವುಗಳಲ್ಲಿ ನೆಲ ನಡುಗಿದ ಉಲ್ಲೇಖಗಳನ್ನು ಹುಡುಕಿ, ದಿನಾಂಕ ಸ್ಥಳಗಳೊಡನೆ ಬರೆದಿಡಬೇಕು. ಬಿದ್ದ ದೇವಾಲಯವೆಲ್ಲ ಭೂಕಂಪದಿಂದ ಬಿದ್ದುದಲ್ಲ. ಯುದ್ಧ, ನೆರೆ, ಆಲದ ಬೇರು, ಕಾಲ ಇವೂ ಕೆಡಹುತ್ತವೆ. ಆದ್ದರಿಂದ ಅವಸರದ ತೀರ್ಮಾನ ಸಲ್ಲದು. ಉಲ್ಲೇಖ ದೊರೆತರೆ ಭೂವಿಜ್ಞಾನಿಗೆ ಒಪ್ಪಿಸೋಣ. ದೊರೆಯದಿದ್ದರೆ ದೊರೆಯಲಿಲ್ಲವೆಂದಷ್ಟೇ ಹೇಳೋಣ. ದೊರೆಯಲಿಲ್ಲವೆಂಬುದನ್ನು ಆಗಿರಲಿಲ್ಲವೆಂದು ಓದಿದಾಗ ತೆರಬೇಕಾದ ಬೆಲೆ ಎಷ್ಟೆಂಬುದು ಕಿಲ್ಲಾರಿಯಲ್ಲಿ ತಿಳಿದಿದೆ.